ಹೇಗ್‌ನ ಕೋರ್ಟು ಹೇಳಿದ್ದು ನಮ್ಮ ಕಾನೂನಿನೊಳಗೆ ಹೇಗೆ ಬರುತ್ತದೆ?

ಕೆಲವು ವರ್ಷಗಳಿಂದ ಹೇಗ್ ಎನ್ನುವ ಊರಿನ ಹೆಸರು ಟಿವಿಯಲ್ಲಿ ಪದೇ ಪದೇ ಕೇಳುತ್ತಿದೆ. 2023ರಲ್ಲಿ ಪುಟಿನ್ ಮೇಲೆ ವಾರಂಟ್ ಹೊರಟಿದ್ದು ಅಲ್ಲಿಂದ. 2024ರಲ್ಲಿ ನೆತನ್ಯಾಹು ಮೇಲೆ ಹೊರಟಿದ್ದೂ ಅಲ್ಲಿಂದ. 2025ರ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆಯನ್ನು ಮನಿಲಾದಲ್ಲಿ ಬಂಧಿಸಿ ವಿಮಾನ ಹತ್ತಿಸಿ ಕಳಿಸಿದ್ದೂ ಅಲ್ಲಿಗೇ. ಈ ಸುದ್ದಿಗಳ ಜೊತೆಗೆ ಡೊಂಬಿವಲಿ, ಥಾಣೆ, ಪುಣೆ, ವಾಸ್ಕೋದ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಪ್ರಶ್ನೆಗಳೂ ಶುರುವಾಗಿವೆ. ಮಗ ಹಡಗಿನಲ್ಲಿದ್ದಾನೆ, ಯಾವುದೋ ದೇಶದವರು ಹಿಡಿದು ಕೂರಿಸಿದರೆ ನಾವು ಆ ಕೋರ್ಟಿಗೆ ಹೋಗಬಹುದಾ? ಇಲ್ಲಿನ ಪೊಲೀಸರು ಹೊಡೆದರೆ? ಬೆಳಗಾವಿ ಗಡಿ ತಕರಾರನ್ನು ಯಾಕೆ ಅಲ್ಲಿಗೆ ಒಯ್ಯುವುದಿಲ್ಲ?

ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ಗುಂಪುಗಳಲ್ಲಿ ಹರಿದಾಡುವ ಉತ್ತರಗಳು ಎರಡೇ ಥರ ಇರುತ್ತವೆ. ಅದು ಪ್ರಪಂಚಕ್ಕೆಲ್ಲ ಮೇಲಿನ ಸುಪ್ರೀಂ ಕೋರ್ಟ್, ಅಲ್ಲಿ ಹೋದರೆ ಮುಗೀತು ಅನ್ನುವವರು ಒಂದು ಕಡೆ. ಅದರ ಮಾತು ಯಾರೂ ಕೇಳುವುದಿಲ್ಲ, ಸುಮ್ನೆ ಹೆಸರಿಗಿದೆ ಅನ್ನುವವರು ಇನ್ನೊಂದು ಕಡೆ. ಎರಡೂ ಸರಿಯಲ್ಲ. ಈ ಕೋರ್ಟುಗಳ ಮಾತು ನಡೆಯುತ್ತದೆ, ಆದರೆ ನೇರವಾಗಿ ಅಲ್ಲ. ಯಾವುದೋ ಒಂದು ದೇಶದ ಸಂಸತ್ತು ಅಥವಾ ಹೈಕೋರ್ಟು ಅದನ್ನು ಎತ್ತಿಕೊಂಡಾಗ ಮಾತ್ರ ಜನರ ಕೈಗೆ ಸಿಗುತ್ತದೆ. ಅದು ಹೇಗೆ ಅಂತ ಬುಡದಿಂದ ನೋಡೋಣ.

ಹೇಗ್‌ನಲ್ಲಿರುವುದು ಒಂದೇ ಕೋರ್ಟಲ್ಲ

ಹೆಚ್ಚಿನ ಗೊಂದಲ ಶುರುವಾಗುವುದು ಇಲ್ಲೇ. ಹೇಗ್ ನೆದರ್ಲೆಂಡ್ಸ್‌ನ ಒಂದು ಊರು, ಅಲ್ಲಿ ಬೇರೆ ಬೇರೆ ಕೋರ್ಟುಗಳಿವೆ.

ಮೊದಲನೆಯದು ಅಂತರರಾಷ್ಟ್ರೀಯ ನ್ಯಾಯಾಲಯ, ಅಂದರೆ ಐಸಿಜೆ. 1945ರಲ್ಲಿ ವಿಶ್ವಸಂಸ್ಥೆಯ ಜೊತೆಗೇ ಹುಟ್ಟಿದ್ದು. 15 ನ್ಯಾಯಮೂರ್ತಿಗಳು, ಒಬ್ಬೊಬ್ಬರಿಗೆ 9 ವರ್ಷದ ಅವಧಿ. ಇಲ್ಲಿ ವಾದಿಯೂ ದೇಶವೇ, ಪ್ರತಿವಾದಿಯೂ ದೇಶವೇ. ನಾನು, ನೀವು, ಒಂದು ಕಂಪನಿ, ಒಂದು ರಾಜ್ಯ ಸರ್ಕಾರ, ಯಾರೂ ಇಲ್ಲಿ ಕೇಸು ಹಾಕುವಂತಿಲ್ಲ. ಬೆಳಗಾವಿ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು ನೋಡಿ. ಅದು ಒಂದು ದೇಶದೊಳಗಿನ ಎರಡು ರಾಜ್ಯಗಳ ತಕರಾರು. 2004ರಲ್ಲಿ ಮಹಾರಾಷ್ಟ್ರ ಅದನ್ನು ನಮ್ಮ ಸುಪ್ರೀಂ ಕೋರ್ಟಿಗೆ ಒಯ್ದಿದೆ, ಅದಕ್ಕಿರುವ ಜಾಗ ಅದೇ.

ಈ ಕೋರ್ಟಿನಲ್ಲಿ ಕೂತ ಮೊದಲ ಭಾರತೀಯ ನಮ್ಮ ಕಡೆಯವರು ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಮಂಗಳೂರಿನ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ಸಭೆಗೆ ಕಾನೂನು ಸಲಹೆಗಾರರಾಗಿದ್ದವರು, 1952ರಲ್ಲಿ ಅಲ್ಲಿ ನ್ಯಾಯಮೂರ್ತಿಯಾದರು, ಮರುವರ್ಷವೇ ತೀರಿಕೊಂಡರು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ದಲ್ವೀರ್ ಭಂಡಾರಿ 2012ರಲ್ಲಿ ಅಲ್ಲಿಗೆ ಆಯ್ಕೆಯಾದರು.

ಎರಡನೆಯದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಐಸಿಸಿ. 2002ರಲ್ಲಿ ಕೆಲಸ ಶುರು ಮಾಡಿತು. ಇಲ್ಲಿ ದೇಶಗಳ ಮೇಲೆ ಕೇಸಿಲ್ಲ, ವ್ಯಕ್ತಿಗಳ ಮೇಲೆ ಕೇಸು. ಜನಾಂಗ ಹತ್ಯೆ, ಯುದ್ಧಾಪರಾಧ, ಸಾಮಾನ್ಯ ಜನರ ಮೇಲೆ ವ್ಯಾಪಕವಾಗಿ ನಡೆಸುವ ಕ್ರೌರ್ಯ, ಬೇರೆ ದೇಶದ ಮೇಲೆ ಆಕ್ರಮಣ, ಇಂಥ ದೊಡ್ಡ ಅಪರಾಧಗಳಿಗೆ ಮಾತ್ರ. ಪುಟಿನ್, ನೆತನ್ಯಾಹು, ಡುಟೆರ್ಟೆ ಸುದ್ದಿಗಳೆಲ್ಲ ಈ ಕೋರ್ಟಿನವು. 120ಕ್ಕೂ ಹೆಚ್ಚು ದೇಶಗಳು ಇದರ ಸದಸ್ಯರು. ಭಾರತ ಇಲ್ಲ. ಅಮೆರಿಕ, ಚೀನಾ ಕೂಡ ಇಲ್ಲ. ಈ ಕೋರ್ಟಿನ ಒಂದು ನಿಯಮ ಗಮನಿಸಬೇಕು. ಆ ದೇಶವೇ ಪ್ರಾಮಾಣಿಕವಾಗಿ ತನಿಖೆ ಮಾಡುತ್ತಿದ್ದರೆ ಹೇಗ್ ಕೈ ಹಾಕುವುದಿಲ್ಲ. ಹಾಗಾಗಿ ಎಷ್ಟೋ ಸದಸ್ಯ ದೇಶಗಳು ತಮ್ಮ ಅಪರಾಧ ಕಾನೂನಿನಲ್ಲೇ ಜನಾಂಗ ಹತ್ಯೆ, ಯುದ್ಧಾಪರಾಧಗಳನ್ನು ಸೇರಿಸಿಕೊಂಡವು. ಅವರನ್ನು ನಾವೇ ವಿಚಾರಣೆ ಮಾಡುತ್ತೇವೆ ಅನ್ನಬೇಕಾದರೆ ಮೊದಲು ಅದಕ್ಕೆ ಕಾನೂನು ಇರಬೇಕಲ್ವಾ.

ಮೂರನೆಯ ಗುಂಪು ಹೇಗ್‌ನಲ್ಲಿ ಇಲ್ಲವೇ ಇಲ್ಲ. ಮಾನವ ಹಕ್ಕುಗಳಿಗೇ ಮೀಸಲಾದ ಪ್ರಾದೇಶಿಕ ಕೋರ್ಟುಗಳು ಇವು. ಯುರೋಪಿನದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ, ಅಮೆರಿಕ ಖಂಡದ್ದು ಕೋಸ್ಟರಿಕಾದ ಸ್ಯಾನ್ ಹೋಸೆಯಲ್ಲಿ, ಆಫ್ರಿಕಾದ್ದು ಟಾಂಜಾನಿಯಾದ ಅರುಷಾದಲ್ಲಿ. ಏಷ್ಯಾಕ್ಕೆ ಇಂಥ ಕೋರ್ಟ್ ಇಲ್ಲ.

ಒಪ್ಪಿಗೆ ಕೊಟ್ಟರೆ ಮಾತ್ರ ಕೇಸು

ಮುಂಬೈ, ಪುಣೆಯಲ್ಲಿ ಫ್ಲ್ಯಾಟಿನಲ್ಲಿ ಇರುವವರಿಗೆ ಹೌಸಿಂಗ್ ಸೊಸೈಟಿ ಹೇಗೆ ನಡೆಯುತ್ತದೆ ಅಂತ ಗೊತ್ತು. ಸದಸ್ಯರಾಗುವಾಗ ಬೈಲಾಗೆ ಸಹಿ ಹಾಕುತ್ತೀರಿ. ಸಹಿ ಹಾಕಿದ್ದಕ್ಕೆ ಬದ್ಧರು, ಹಾಕದ್ದಕ್ಕೆ ಇಲ್ಲ. ಕಮಿಟಿಯವರು ನಿಮ್ಮ ಮನೆ ಬಾಗಿಲು ಒಡೆದು ಒಳಗೆ ಬರುವ ಹಾಗಿಲ್ಲ. ಆದರೆ ನೀವು ನಿಯಮ ಮುರಿದರೆ ಮೀಟಿಂಗಿನಲ್ಲಿ ಹೆಸರು ಬರುತ್ತದೆ, ನಾಳೆ ಫ್ಲ್ಯಾಟ್ ಮಾರುವಾಗ ಎನ್‌ಒಸಿ ಬೇಕಾದರೆ ಅದೇ ಕಮಿಟಿಯ ಮುಂದೆ ನಿಲ್ಲಬೇಕು, ಮತ್ತು ಇವತ್ತು ನೀವು ಮುರಿದ ನಿಯಮವನ್ನು ನಾಳೆ ಪಕ್ಕದ ಮನೆಯವರು ನಿಮ್ಮ ಮೇಲೆ ಮುರಿದರೆ ಬಾಯಿ ಬಿಡಲಾಗುವುದಿಲ್ಲ. ದೇಶಗಳ ನಡುವಿನ ಕಾನೂನು ಬಹುಮಟ್ಟಿಗೆ ಹೀಗೇ ನಡೆಯುತ್ತದೆ. ಬೈಲಾದ ಜಾಗದಲ್ಲಿ ಒಪ್ಪಂದಗಳಿವೆ.

ಒಂದು ದೇಶ ಮೂರು ರೀತಿಯಲ್ಲಿ ಐಸಿಜೆಗೆ ಒಪ್ಪಿಗೆ ಕೊಡಬಹುದು. ಈ ಒಂದು ಜಗಳಕ್ಕೆ ಇಬ್ಬರೂ ಅಲ್ಲಿಗೆ ಹೋಗೋಣ ಅಂತ ಇಬ್ಬರೂ ಸೇರಿ ಹೇಳಬಹುದು. ಇನ್ನು ಮುಂದೆ ನಮ್ಮ ಮೇಲೆ ಕೇಸು ಬಂದರೆ ಒಪ್ಪುತ್ತೇವೆ ಅಂತ ಮೊದಲೇ ಘೋಷಣೆ ಮಾಡಿಡಬಹುದು. ಇಲ್ಲವೇ ಯಾವುದೋ ಒಪ್ಪಂದದಲ್ಲಿ, ಇದರ ಬಗ್ಗೆ ತಕರಾರು ಬಂದರೆ ಐಸಿಜೆಗೆ ಹೋಗಬೇಕು ಅನ್ನುವ ಷರತ್ತಿಗೆ ಸಹಿ ಹಾಕಿರಬಹುದು.

ಘೋಷಣೆ ಮಾಡುವಾಗ ಬಹಳ ದೇಶಗಳು ವಿನಾಯಿತಿಗಳನ್ನೂ ಬರೆದುಕೊಳ್ಳುತ್ತವೆ. ಭಾರತದ ಘೋಷಣೆಯಲ್ಲಿ ಕಾಮನ್‌ವೆಲ್ತ್ ದೇಶಗಳ (ಹೆಚ್ಚಾಗಿ ಹಿಂದೆ ಬ್ರಿಟಿಷರ ಕೈಯಲ್ಲಿದ್ದ ದೇಶಗಳ ಕೂಟ, ಪಾಕಿಸ್ತಾನವೂ ಅದರಲ್ಲಿದೆ) ಜೊತೆಗಿನ ಜಗಳಗಳಿಗೆ ವಿನಾಯಿತಿ ಇದೆ. 1999ರ ಆಗಸ್ಟ್‌ನಲ್ಲಿ ಪಾಕಿಸ್ತಾನದ ನೌಕಾಪಡೆಯ ಒಂದು ವಿಮಾನವನ್ನು ಭಾರತ ಹೊಡೆದುರುಳಿಸಿತು, ಪಾಕಿಸ್ತಾನ ಹೇಗ್‌ಗೆ ಹೋಯಿತು. ಆ ವಿನಾಯಿತಿಯಿಂದಾಗಿ 2000ದ ಜೂನ್‌ನಲ್ಲಿ ಕೋರ್ಟು, ಇದನ್ನು ಕೇಳುವ ಅಧಿಕಾರವೇ ನಮಗಿಲ್ಲ ಅಂದಿತು. ವಿಮಾನ ಹೊಡೆದದ್ದು ಸರಿಯೋ ತಪ್ಪೋ ಅನ್ನುವ ಮಾತಿಗೇ ಬರಲಿಲ್ಲ.

ಗೋವಾಕ್ಕೆ ಹತ್ತಿರದ ಒಂದು ಹಳೆಯ ಕೇಸು

ಗೋವಾದಲ್ಲಿರುವವರಿಗೆ ಇದು ತಿಳಿದಿರಬೇಕಾದ ಕಥೆ. 1954ರಲ್ಲಿ ದಾದ್ರಾ ಮತ್ತು ನಗರ ಹವೇಲಿ ಪೋರ್ಚುಗೀಸರ ಕೈತಪ್ಪಿದವು. ಸಮುದ್ರ ತೀರದ ದಮನ್‌ನಿಂದ ಅಲ್ಲಿಗೆ ಹೋಗಬೇಕಾದರೆ ಭಾರತದ ನೆಲ ದಾಟಬೇಕು. ಭಾರತ ದಾರಿ ಬಿಡಲಿಲ್ಲ. ಪೋರ್ಚುಗಲ್ 1955ರ ಡಿಸೆಂಬರ್ 14ರಂದು ವಿಶ್ವಸಂಸ್ಥೆ ಸೇರಿತು, ಡಿಸೆಂಬರ್ 19ರಂದು ಐಸಿಜೆಯ ಅಧಿಕಾರವನ್ನು ಒಪ್ಪಿಕೊಂಡಿತು, ಡಿಸೆಂಬರ್ 22ರಂದು ಭಾರತದ ಮೇಲೆ ಕೇಸು ಹಾಕಿತು. ಭಾರತದ ಪರವಾಗಿ ವಾದಿಸಿದವರು ಆಗಿನ ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್. ಈ ಕೇಸಿಗೆ ಭಾರತ ನೇಮಿಸಿದ ನ್ಯಾಯಮೂರ್ತಿ ಬಾಂಬೆ ಹೈಕೋರ್ಟಿನ ಎಂ.ಸಿ. ಛಾಗ್ಲಾ.

1960ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ನಾಗರಿಕರು, ಅಧಿಕಾರಿಗಳು, ಸರಕು ದಾಟಲು ಪೋರ್ಚುಗಲ್‌ಗೆ ಹಕ್ಕಿತ್ತು, ಯಾಕೆಂದರೆ ಒಂದೂಕಾಲು ಶತಮಾನ ಹಾಗೇ ನಡೆದುಕೊಂಡು ಬಂದಿತ್ತು. ಸೈನಿಕರು, ಶಸ್ತ್ರಸಜ್ಜಿತ ಪೊಲೀಸರು, ಆಯುಧಗಳಿಗೆ ಆ ಹಕ್ಕಿರಲಿಲ್ಲ. ಅಲ್ಲಿನ ಪರಿಸ್ಥಿತಿ ನೋಡಿ ಭಾರತ ದಾರಿ ತಡೆದದ್ದು ತಪ್ಪಲ್ಲ. ಬರೆದಿಟ್ಟ ಒಪ್ಪಂದ ಇಲ್ಲದಿದ್ದರೂ ಎರಡು ದೇಶಗಳ ನಡುವೆ ದೀರ್ಘಕಾಲ ನಡೆದು ಬಂದ ರೂಢಿ ಕಾನೂನಾಗುತ್ತದೆ ಅನ್ನುವುದಕ್ಕೆ ಇವತ್ತಿಗೂ ಕಾನೂನು ವಿದ್ಯಾರ್ಥಿಗಳು ಓದುವುದು ಈ ಕೇಸನ್ನೇ. ಇನ್ನೊಂದು ಪರಿಣಾಮವೂ ಇದೆ. ಮೊನ್ನೆ ಸೇರಿ ಇವತ್ತು ಕೇಸು ಹಾಕುವವರನ್ನು ತಡೆಯಲು, ಘೋಷಣೆ ಮಾಡಿ 12 ತಿಂಗಳಾಗದ ದೇಶ ನಮ್ಮ ಮೇಲೆ ಬರುವಂತಿಲ್ಲ ಅಂತ ಭಾರತವೂ ಸೇರಿ ಹಲವು ದೇಶಗಳು ತಮ್ಮ ಘೋಷಣೆಯಲ್ಲಿ ಬರೆದುಕೊಂಡಿವೆ.

ಜಾಧವ್ ಕೇಸಿನಲ್ಲಿ ನಿಜವಾಗಿ ಆಗಿದ್ದೇನು

ನಮ್ಮ ಕಾಲದ ದೊಡ್ಡ ಉದಾಹರಣೆ ಕುಲಭೂಷಣ್ ಜಾಧವ್. ಅವರ ಕುಟುಂಬ ಮುಂಬೈಯದ್ದು, ಹಾಗಾಗಿ ಈ ಊರು ಆ ಕೇಸನ್ನು ತುಂಬ ಹತ್ತಿರದಿಂದ ಅನುಸರಿಸಿತು. 2016ರ ಮಾರ್ಚ್‌ನಲ್ಲಿ ಪಾಕಿಸ್ತಾನ ಅವರನ್ನು ಬಂಧಿಸಿರುವುದಾಗಿ ಹೇಳಿತು. ಗೂಢಚಾರ ಅಂತ ಪಾಕಿಸ್ತಾನದ ವಾದ. ನೌಕಾಪಡೆಯಿಂದ ನಿವೃತ್ತರಾಗಿ ಇರಾನ್‌ನಲ್ಲಿ ವ್ಯಾಪಾರ ಮಾಡಿಕೊಂಡಿದ್ದವರನ್ನು ಅಪಹರಿಸಿದ್ದಾರೆ ಅಂತ ಭಾರತದ ವಾದ. 2017ರ ಏಪ್ರಿಲ್ 10ರಂದು ಸೇನಾ ನ್ಯಾಯಾಲಯದ ಮರಣದಂಡನೆ ಪ್ರಕಟವಾಯಿತು. ಅಷ್ಟರವರೆಗೆ ಭಾರತದ ಯಾವ ಅಧಿಕಾರಿಗೂ ಅವರನ್ನು ಭೇಟಿ ಮಾಡಲು ಬಿಟ್ಟಿರಲಿಲ್ಲ.

ಪಾಕಿಸ್ತಾನವೂ ಕಾಮನ್‌ವೆಲ್ತ್ ದೇಶ, ಹಾಗಾದರೆ ಭಾರತ ಹೇಗ್‌ಗೆ ಹೋದದ್ದು ಹೇಗೆ? ಮೂರನೆಯ ದಾರಿಯಿಂದ. 1963ರಲ್ಲಿ ವಿಯೆನ್ನಾದಲ್ಲಿ ಆದ ಒಂದು ಒಪ್ಪಂದ ಇದೆ, ದೇಶಗಳ ಕಾನ್ಸುಲೇಟ್‌ಗಳ ಬಗ್ಗೆ, ಅಂದರೆ ಪರದೇಶದಲ್ಲಿ ತಮ್ಮ ಪ್ರಜೆಗಳನ್ನು ನೋಡಿಕೊಳ್ಳುವ ಕಚೇರಿಗಳ ಬಗ್ಗೆ. ಅದರ 36ನೇ ವಿಧಿ ಹೇಳುವುದು ಸರಳ. ಪರದೇಶದವರನ್ನು ಬಂಧಿಸಿದರೆ, ನಿಮ್ಮ ಕಾನ್ಸುಲೇಟ್‌ಗೆ ತಿಳಿಸುವಂತೆ ಕೇಳುವ ಹಕ್ಕು ನಿಮಗಿದೆ ಅಂತ ಆ ವ್ಯಕ್ತಿಗೆ ತಡಮಾಡದೆ ಹೇಳಬೇಕು. ಅವರು ಕೇಳಿದರೆ ತಿಳಿಸಬೇಕು. ಕಾನ್ಸುಲೇಟಿನವರು ಬಂದು ಭೇಟಿಯಾಗಲು, ಮಾತಾಡಲು, ವಕೀಲರನ್ನು ಗೊತ್ತು ಮಾಡಲು ಬಿಡಬೇಕು. ಇದರ ಬಗ್ಗೆ ತಕರಾರು ಬಂದರೆ ಐಸಿಜೆಗೆ ಹೋಗಬಹುದು ಅನ್ನುವ ಪ್ರತ್ಯೇಕ ಷರತ್ತಿಗೂ ಎರಡೂ ದೇಶಗಳು ಒಪ್ಪಿದ್ದವು.

2017ರ ಮೇ 8ರಂದು ಭಾರತ ಕೇಸು ಹಾಕಿತು. ಹತ್ತೇ ದಿನದಲ್ಲಿ, ಮೇ 18ಕ್ಕೆ, ತೀರ್ಪು ಬರುವವರೆಗೆ ಗಲ್ಲಿಗೇರಿಸಬಾರದು ಅಂತ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಭಾರತದ ಪರ ವಾದಿಸಿದ ಹರೀಶ್ ಸಾಳ್ವೆ ಒಂದು ರೂಪಾಯಿ ಫೀಸು ತೆಗೆದುಕೊಂಡ ಸುದ್ದಿ ಎಲ್ಲರಿಗೂ ನೆನಪಿದೆ. 2019ರ ಜುಲೈ 17ರ ತೀರ್ಪು ಅಷ್ಟು ಚೆನ್ನಾಗಿ ನೆನಪಿಲ್ಲ. 15–1 ಬಹುಮತದಲ್ಲಿ ಕೋರ್ಟು, ಪಾಕಿಸ್ತಾನ 36ನೇ ವಿಧಿಯನ್ನು ಮುರಿದಿದೆ ಅಂದಿತು. ಶಿಕ್ಷೆಯನ್ನು ನಿಜವಾದ ರೀತಿಯಲ್ಲಿ ಮರುಪರಿಶೀಲನೆ ಮಾಡಬೇಕು, ಅಲ್ಲಿಯವರೆಗೆ ಗಲ್ಲು ಬೇಡ ಅಂದಿತು. ಆದರೆ ಶಿಕ್ಷೆ ರದ್ದು ಮಾಡಿ, ಬಿಟ್ಟು ಕಳಿಸಿ ಅಂತ ಭಾರತ ಕೇಳಿದ್ದನ್ನು ಒಪ್ಪಲಿಲ್ಲ. ಗೂಢಚಾರ ಹೌದೋ ಅಲ್ಲವೋ ಅನ್ನುವ ಪ್ರಶ್ನೆಗೆ ಕೈ ಹಾಕಲಿಲ್ಲ.

ಆಮೇಲೆ ಆದದ್ದೇ ಈ ಲೇಖನದ ಮುಖ್ಯ ವಿಷಯಕ್ಕೆ ಸಂಬಂಧಿಸಿದ್ದು. ಪಾಕಿಸ್ತಾನದಲ್ಲಿ ಸೇನಾ ನ್ಯಾಯಾಲಯದ ತೀರ್ಪನ್ನು ಹೀಗೆ ಹೈಕೋರ್ಟಿನಲ್ಲಿ ಪ್ರಶ್ನಿಸಲು ಇಂಥವರಿಗೆ ದಾರಿ ಇರಲಿಲ್ಲ. ಹೇಗ್ ಹೇಳಿದ್ದನ್ನು ಜಾರಿ ಮಾಡಬೇಕಾದರೆ ಕಾನೂನೇ ಬೇಕು. 2020ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, 2021ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಅದನ್ನು ಕಾಯ್ದೆಯನ್ನಾಗಿ ಮಾಡಿತು. ವಿದೇಶಿಯರು ತಮ್ಮ ಶಿಕ್ಷೆಯ ಮರುಪರಿಶೀಲನೆಗೆ ಹೈಕೋರ್ಟಿಗೆ ಹೋಗಬಹುದು ಅಂತ ಅದರ ಸಾರ. ಆ ಕಾನೂನಿನಲ್ಲಿ ದೋಷಗಳಿವೆ ಅಂತ ಭಾರತ ಹೇಳಿತು, ವಕೀಲರ ನೇಮಕದ ಬಗ್ಗೆ ತಕರಾರು ಎದ್ದಿತು, ಜಾಧವ್ ಬಿಡುಗಡೆಯಾಗಲಿಲ್ಲ. ಆದರೂ ಇಷ್ಟು ನಿಜ. ಒಂದು ಕೋರ್ಟಿನ ಮಾತಿಗೆ ಗಲ್ಲು ನಿಂತಿತು, ವಿರೋಧಿ ದೇಶದ ಸಂಸತ್ತು ತನ್ನ ಕಾನೂನನ್ನು ಬದಲಿಸಿತು. ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಹಡಗಿನಲ್ಲಿ, ಗಲ್ಫಿನಲ್ಲಿ ಮನೆಯವರು ಇರುವ ಕುಟುಂಬಗಳು ನೆನಪಿಡಬೇಕಾದದ್ದು ಇದೇ 36ನೇ ವಿಧಿ. ಬಂಧನವಾದರೆ, ನಮ್ಮ ಕಾನ್ಸುಲೇಟ್‌ಗೆ ತಿಳಿಸಿ ಅಂತ ಆ ವ್ಯಕ್ತಿ ಬಾಯಿಬಿಟ್ಟು ಕೇಳಬೇಕು. ಮನೆಯವರೂ ಸುಮ್ಮನೆ ಕೂರದೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಬರೆಯಬಹುದು, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಹಡಗಿನವರಾದರೆ ಮುಂಬೈಯಲ್ಲೇ ಇರುವ ಶಿಪ್ಪಿಂಗ್ ಮಹಾನಿರ್ದೇಶನಾಲಯಕ್ಕೂ ತಿಳಿಸಬಹುದು. ಕಾನ್ಸುಲೇಟಿನವರು ಜೈಲಿನಿಂದ ಬಿಡಿಸಿಕೊಂಡು ಬರಲಾರರು. ಆದರೆ ಭಾಷೆ ಬಾರದ ಊರಲ್ಲಿ, ಏನಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ ಅಂತಲೂ ಗೊತ್ತಾಗದ ಸ್ಥಿತಿಯಲ್ಲಿ, ನಮ್ಮವರೊಬ್ಬರು ಬಂದು ವಕೀಲರನ್ನು ಹುಡುಕಿಕೊಡುವುದೇ ದೊಡ್ಡ ಆಸರೆ. ಇದೇ ನಿಯಮ ನಮ್ಮ ಪೊಲೀಸರಿಗೂ ಇದೆ. ಕಲಂಗುಟ್‌ನಲ್ಲೋ ಅಂಜುನಾದಲ್ಲೋ ಒಬ್ಬ ವಿದೇಶಿಯನ್ನು ಬಂಧಿಸಿದರೆ ಗೋವಾ ಪೊಲೀಸರು ಅವರಿಗೂ ಈ ಹಕ್ಕು ಕೊಡಬೇಕು. ನಾವು ಇಲ್ಲಿ ಕೊಟ್ಟರೆ ತಾನೇ ಅಲ್ಲಿ ಕೇಳುವುದಕ್ಕೆ ಮುಖ ಇರುವುದು.

ಮಾತು ಕೇಳದಿದ್ದರೆ?

ಐಸಿಜೆಗೆ ಪೊಲೀಸರಿಲ್ಲ, ಜೈಲಿಲ್ಲ. ತೀರ್ಪು ಪಾಲಿಸದ ದೇಶದ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಡಬಹುದು, ಆದರೆ ಅಲ್ಲಿ ಐದು ದೇಶಗಳಿಗೆ ವೀಟೋ, ಅಂದರೆ ನಿರ್ಣಯವನ್ನೇ ತಡೆಯುವ ಅಧಿಕಾರ ಇದೆ. 1986ರಲ್ಲಿ ನಿಕರಾಗುವಾ ಅಮೆರಿಕದ ವಿರುದ್ಧ ಗೆದ್ದಾಗ, ಆ ತೀರ್ಪು ಪಾಲಿಸಿ ಅನ್ನುವ ನಿರ್ಣಯವನ್ನು ಅಮೆರಿಕವೇ ವೀಟೋ ಮಾಡಿತು.

ಜಾಧವ್ ಕೇಸಿನ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ಕೇಸು ಇದೆ. ಅಮೆರಿಕದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೆಕ್ಸಿಕೋದವರಿಗೆ ಕಾನ್ಸುಲೇಟಿನ ಹಕ್ಕನ್ನೇ ಹೇಳಿರಲಿಲ್ಲ ಅಂತ ಮೆಕ್ಸಿಕೋ ಹೇಗ್‌ಗೆ ಹೋಯಿತು. 2004ರಲ್ಲಿ ಗೆದ್ದಿತು. 51 ಜನರ ಕೇಸುಗಳನ್ನು ಮರುಪರಿಶೀಲಿಸಿ ಅಂತ ತೀರ್ಪಾಯಿತು. ಪಾಲಿಸಿ ಅಂತ ಅಧ್ಯಕ್ಷ ಬುಷ್ ರಾಜ್ಯಗಳಿಗೆ ಹೇಳಿದರು. ಟೆಕ್ಸಾಸ್ ಒಪ್ಪಲಿಲ್ಲ. 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಟೆಕ್ಸಾಸ್ ಪರ ನಿಂತಿತು. ಹೇಗ್‌ನ ತೀರ್ಪಿಗೆ ದೇಶ ಬದ್ಧ ನಿಜ, ಆದರೆ ಅದು ತಾನಾಗಿ ಇಲ್ಲಿನ ಕಾನೂನಾಗುವುದಿಲ್ಲ, ಕಾಂಗ್ರೆಸ್ (ಅಲ್ಲಿನ ಸಂಸತ್ತು) ಕಾಯ್ದೆ ಮಾಡಬೇಕು, ಅಧ್ಯಕ್ಷರ ಮಾತೂ ಸಾಲದು ಅಂದಿತು. ಕಾಯ್ದೆ ಆಗಲಿಲ್ಲ. ಆ ವರ್ಷ ಆಗಸ್ಟ್ 5ರಂದು ಟೆಕ್ಸಾಸ್ ಆ 51 ಜನರಲ್ಲಿ ಒಬ್ಬನ ಮರಣದಂಡನೆ ಜಾರಿ ಮಾಡಿತು. ಅದೇ ವಿಧಿ, ಬಹುಮಟ್ಟಿಗೆ ಅದೇ ತೀರ್ಪು. ಒಂದು ಕಡೆ ಸಂಸತ್ತು ಕಾನೂನು ಮಾಡಿತು, ಇನ್ನೊಂದು ಕಡೆ ಮಾಡಲಿಲ್ಲ. ಜೀವ ಉಳಿಯುವುದು, ಹೋಗುವುದು ಆ ವ್ಯತ್ಯಾಸದ ಮೇಲೆ ನಿಂತಿತ್ತು.

ಯುರೋಪಿನಲ್ಲಿ ಜನರೇ ನೇರವಾಗಿ ಹೋಗುತ್ತಾರೆ

ಸ್ಟ್ರಾಸ್‌ಬರ್ಗ್ ಕೋರ್ಟಿನ ರೀತಿ ಬೇರೆ. 46 ದೇಶಗಳ ಯಾವುದೇ ಸಾಮಾನ್ಯ ಮನುಷ್ಯ ತನ್ನ ಸರ್ಕಾರದ ಮೇಲೆ ಅಲ್ಲಿ ದೂರು ಕೊಡಬಹುದು. ಮೊದಲು ತನ್ನ ದೇಶದ ಕೋರ್ಟುಗಳನ್ನೆಲ್ಲ ಹತ್ತಿ ಇಳಿದಿರಬೇಕು, ಕೊನೆಯ ತೀರ್ಪು ಬಂದ ನಾಲ್ಕು ತಿಂಗಳೊಳಗೆ ಹೋಗಬೇಕು. ಗೆದ್ದರೆ ಪರಿಹಾರ ಸಿಗಬಹುದು, ಮತ್ತೆ ಹಾಗಾಗದಂತೆ ದೇಶ ತನ್ನ ಕಾನೂನು ಸರಿ ಮಾಡಿಕೊಳ್ಳಬೇಕು. ಪಾಲಿಸಿದರೋ ಇಲ್ಲವೋ ಅಂತ ಸದಸ್ಯ ದೇಶಗಳ ಮಂತ್ರಿಗಳ ಸಮಿತಿ ನೋಡುತ್ತಿರುತ್ತದೆ.

ಉತ್ತರ ಐರ್ಲೆಂಡಿನಲ್ಲಿ ಗಂಡಸರ ನಡುವಿನ ಸಲಿಂಗ ಸಂಬಂಧ ಅಪರಾಧವಾಗಿತ್ತು. ಅಲ್ಲಿನ ಒಬ್ಬರು ಸ್ಟ್ರಾಸ್‌ಬರ್ಗ್‌ಗೆ ಹೋಗಿ 1981ರಲ್ಲಿ ಗೆದ್ದರು, 1982ರಲ್ಲಿ ಕಾನೂನು ಬದಲಾಯಿತು. ಬ್ರಿಟನ್‌ನ ಪೊಲೀಸರು, ಅಪರಾಧ ಸಾಬೀತಾಗದವರ ಬೆರಳಚ್ಚು, ಡಿಎನ್‌ಎ ಕೂಡ ಕಾಲಮಿತಿ ಇಲ್ಲದೆ ಇಟ್ಟುಕೊಳ್ಳುತ್ತಿದ್ದರು. 2008ರಲ್ಲಿ ಅದು ತಪ್ಪು ಅಂತ ತೀರ್ಪು ಬಂತು, 2012ರಲ್ಲಿ ಬ್ರಿಟನ್ ಹೊಸ ಕಾಯ್ದೆ ಮಾಡಿತು. ಎಲ್ಲವೂ ಹೀಗೆ ಸಲೀಸಾಗಿ ಆಗುವುದಿಲ್ಲ. ಕೈದಿಗಳ ಮತದಾನದ ಬಗ್ಗೆ 2005ರಲ್ಲಿ ಬಂದ ತೀರ್ಪನ್ನು ಬ್ರಿಟನ್ ವರ್ಷಗಟ್ಟಲೆ ಎಳೆದಾಡಿತು.

ಸಲಿಂಗ ಸಂಬಂಧದ್ದು, ಡಿಎನ್‌ಎಯದ್ದು, ಈ ಎರಡು ತೀರ್ಪುಗಳನ್ನು ಸುಮ್ನೆ ಆರಿಸಿಕೊಂಡಿಲ್ಲ. ಅವು ಎಲ್ಲಿಗೆ ಬಂದು ಮುಟ್ಟಿದವು ಅಂತ ಕೆಳಗೆ ನೋಡಿ.

ಭಾರತದೊಳಗೆ ಬರುವ ದಾರಿಗಳು

ನಮ್ಮಲ್ಲಿ ಸರ್ಕಾರ ಒಂದು ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ಅದನ್ನು ಜಾರಿಗೆ ತರಲು ಇಡೀ ದೇಶಕ್ಕೆ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. 51ನೇ ವಿಧಿ, ಅಂತರರಾಷ್ಟ್ರೀಯ ಕಾನೂನಿಗೆ, ಒಪ್ಪಂದಗಳಿಗೆ ಗೌರವ ಬೆಳೆಸಲು ಸರ್ಕಾರ ಪ್ರಯತ್ನಿಸಬೇಕು ಅನ್ನುತ್ತದೆ. ಇದು ಮಾರ್ಗದರ್ಶಿ ತತ್ವ, ಇದನ್ನೇ ಹಿಡಿದು ಕೋರ್ಟಿಗೆ ಹೋಗಲಾಗದು. ಹಾಗಿದ್ದರೆ ಸಂಸತ್ತು ಸುಮ್ಮನಿದ್ದರೆ ಒಪ್ಪಂದ ಕಾಗದದ ಮೇಲೇ ಉಳಿಯಬೇಕಾ? ಇಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ದಾರಿ ಮಾಡಿಕೊಂಡಿದೆ. ನಮ್ಮ ಕಾನೂನಿನ ಅರ್ಥ ಸ್ಪಷ್ಟವಿಲ್ಲದಿದ್ದರೆ ಒಪ್ಪಂದಕ್ಕೆ ಹೊಂದುವ ಅರ್ಥವನ್ನು ಹಿಡಿಯುತ್ತದೆ. ಕಾನೂನೇ ಇಲ್ಲದ ಕಡೆ ಒಪ್ಪಂದದಿಂದ ತುಂಬಿಕೊಳ್ಳುತ್ತದೆ. ನಮ್ಮ ಕಾನೂನು ಸ್ಪಷ್ಟವಾಗಿ ಒಪ್ಪಂದಕ್ಕೆ ವಿರುದ್ಧ ಇದ್ದರೆ ಮಾತ್ರ ನಮ್ಮ ಕಾನೂನೇ ನಿಲ್ಲುತ್ತದೆ.

ಮೊದಲನೆಯದಕ್ಕೆ 1980ರ ಒಂದು ಕೇಸು. ಬ್ಯಾಂಕ್ ಆಫ್ ಕೊಚ್ಚಿನ್ ಸಾಲ ವಸೂಲಿಗೆ ಸಾಲಗಾರರನ್ನು ಸಿವಿಲ್ ಜೈಲಿಗೆ ಕಳಿಸಲು ಹೊರಟಿತ್ತು. ಭಾರತ 1979ರಲ್ಲಷ್ಟೇ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಒಪ್ಪಿಕೊಂಡಿತ್ತು. ಮಾಡಿಕೊಂಡ ಕರಾರನ್ನು ಪೂರೈಸಲಾಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಜೈಲಿಗೆ ಹಾಕಬಾರದು ಅಂತ ಅದರ 11ನೇ ವಿಧಿ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಮುಂದಿಟ್ಟುಕೊಂಡು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ಓದಿದರು. ಕೈಯಲ್ಲಿ ದುಡ್ಡಿದ್ದೂ ಕೊಡದೆ ಮೋಸ ಮಾಡುವವರ ವಿಷಯ ಬೇರೆ, ಬಡತನದಿಂದ ಕೊಡಲಾಗದವರನ್ನು ಜೈಲಿಗೆ ಕಳಿಸುವಂತಿಲ್ಲ ಅಂದರು. ಹೋಟೆಲ್ ಮುಳುಗಿ, ಪಾಲುದಾರ ಕೈಕೊಟ್ಟು, ಸಾಲ ತೀರಿಸಲಾಗದೆ ಒದ್ದಾಡಿದ ನಮ್ಮವರು ಈ ಊರಲ್ಲಿ ಕಡಿಮೆಯಿಲ್ಲ. ಅವರನ್ನು ಕಾಯುವ ಒಂದು ನಿಯಮ ಹೀಗೆ ಹೊರಗಿನ ಒಪ್ಪಂದದ ಬಲದಿಂದ ಗಟ್ಟಿಯಾಯಿತು.

ಅದೇ ಒಪ್ಪಂದದ 9ನೇ ವಿಧಿ, ಕಾನೂನುಬಾಹಿರವಾಗಿ ಬಂಧಿಸಿದರೆ ಪರಿಹಾರದ ಹಕ್ಕು ಇದೆ ಅನ್ನುತ್ತದೆ. ಭಾರತ ಒಪ್ಪಂದ ಸೇರುವಾಗಲೇ, ನಮ್ಮಲ್ಲಿ ಅಂಥ ಹಕ್ಕಿಲ್ಲ ಅಂತ ಬರೆದು ಕೊಟ್ಟಿತ್ತು. ಆದರೂ 1993ರಲ್ಲಿ, ಪೊಲೀಸರ ವಶದಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ತಾಯಿಯೊಬ್ಬರ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡ ಸುಪ್ರೀಂ ಕೋರ್ಟು, ಈ ವಿಧಿಯನ್ನೂ ನೆನಪಿಸಿ 1.5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕೆಲವು ವರ್ಷಗಳ ನಂತರ ಡಿ.ಕೆ. ಬಸು ಕೇಸಿನಲ್ಲಿ, ಭಾರತ ಹಾಗೆ ಬರೆದು ಕೊಟ್ಟಿದ್ದಕ್ಕೆ ಇನ್ನು ಅರ್ಥ ಉಳಿದಿಲ್ಲ ಅಂದಿತು. ಬಂಧಿಸಿದಾಗ ಮೆಮೊ ಬರೆಯಬೇಕು, ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು ಅನ್ನುವ ನಿಯಮಗಳೆಲ್ಲ ಬಂದದ್ದು ಆ ತೀರ್ಪಿನಿಂದ.

ಕಾನೂನೇ ಇಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೆ ವಿಶಾಖಾ ತೀರ್ಪು. ಬಾಲ್ಯವಿವಾಹ ತಡೆಯಲು ಹೋದ ರಾಜಸ್ಥಾನದ ಹಳ್ಳಿಯ ಕಾರ್ಯಕರ್ತೆಯೊಬ್ಬರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸದ ಜಾಗದಲ್ಲಿ ಹೆಂಗಸರಿಗೆ ರಕ್ಷಣೆ ಎಲ್ಲಿದೆ ಅಂತ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ಆಗ ಅದಕ್ಕೊಂದು ಕಾನೂನೇ ಇರಲಿಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಒಪ್ಪಂದಕ್ಕೆ 1993ರಲ್ಲಿ ಭಾರತ ಒಪ್ಪಿಗೆ ಕೊಟ್ಟಿತ್ತು. 1997ರ ಆಗಸ್ಟ್ 13ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಒಪ್ಪಂದವನ್ನು ಆಧಾರವಾಗಿಟ್ಟುಕೊಂಡು ತಾನೇ ನಿಯಮಗಳನ್ನು ಬರೆಯಿತು, ಕಾನೂನು ಬರುವವರೆಗೆ ಇದೇ ಕಾನೂನು ಅಂದಿತು. ಆ ಪೀಠದಲ್ಲಿದ್ದ ಸುಜಾತಾ ಮನೋಹರ್, ಬಾಂಬೆ ಹೈಕೋರ್ಟಿನ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಸಂಸತ್ತು ಕಾಯ್ದೆ ಮಾಡಿದ್ದು 2013ರಲ್ಲಿ. 16 ವರ್ಷ ಆ ತೀರ್ಪಿನ ಮೇಲೆಯೇ ದೇಶ ನಡೆಯಿತು. ಇವತ್ತು ಹಿಂಜೆವಾಡಿಯ ಐಟಿ ಕಂಪನಿಯಲ್ಲಾಗಲಿ, ಅಂಧೇರಿಯ ಆಫೀಸಿನಲ್ಲಾಗಲಿ, 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆಯಲ್ಲೆಲ್ಲ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಎಲ್ಲ ಕಡೆ ಸರಿಯಾಗಿ ಇದೆಯಾ? 2023ರಲ್ಲಿ ಗೋವಾದಿಂದ ಬಂದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು, ಸಮಿತಿಗಳು ರಚನೆಯಾಗಿವೆಯಾ ಪರಿಶೀಲಿಸಿ ಅಂತ ಸರ್ಕಾರಗಳಿಗೆ ಹೇಳಬೇಕಾಯಿತು.

ಇನ್ನೊಂದು ದಾರಿ, ಭಾರತಕ್ಕೆ ಸಂಬಂಧವೇ ಇಲ್ಲದ ವಿದೇಶಿ ತೀರ್ಪುಗಳು. ಸ್ಟ್ರಾಸ್‌ಬರ್ಗ್ ತೀರ್ಪುಗಳಿಗೆ ನಾವು ಬದ್ಧರಲ್ಲ. ಆದರೆ ನಮ್ಮ ನ್ಯಾಯಮೂರ್ತಿಗಳು ಅವನ್ನು ಓದುತ್ತಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಷಯದಲ್ಲಿ ಹಾಕಿದ ಅರ್ಜಿಯಿಂದ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಬಂತಲ್ವಾ, ಖಾಸಗಿತನ ಮೂಲಭೂತ ಹಕ್ಕು ಅಂತ. ಅದರಲ್ಲಿ ಬ್ರಿಟನ್ನಿನ ಆ ಡಿಎನ್‌ಎ ತೀರ್ಪಿನ ಚರ್ಚೆ ಇದೆ. 2018ರಲ್ಲಿ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಕೇಸಿನಲ್ಲಿ, ಒಪ್ಪಿಗೆಯಿಂದ ನಡೆಯುವ ಸಲಿಂಗ ಸಂಬಂಧ ಅಪರಾಧವಲ್ಲ ಅನ್ನುವಾಗ ಉತ್ತರ ಐರ್ಲೆಂಡಿನ ಆ 1981ರ ತೀರ್ಪೂ ಬಂತು. ಯಾರೂ ಬಲವಂತ ಮಾಡಿ ಒಪ್ಪಿಸಿದ್ದಲ್ಲ ಅದು. ವಾದ ಗಟ್ಟಿಯಾಗಿತ್ತು, ಅದಕ್ಕೆ ಎತ್ತಿಕೊಂಡರು.

ಹಾಗಾದರೆ ನಾವು ಎಲ್ಲಿಗೆ ಹೋಗಬೇಕು?

ಭಾರತದ ಪ್ರಜೆ ತನ್ನ ಸರ್ಕಾರದ ಮೇಲೆ ದೂರು ಒಯ್ಯಬಹುದಾದ ಅಂತರರಾಷ್ಟ್ರೀಯ ಕೋರ್ಟು ಇಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ವ್ಯಕ್ತಿಗಳು ದೂರು ಕೊಡುವ ಒಂದು ವ್ಯವಸ್ಥೆ ಇದೆ, ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಅಕ್ರಮ ಬಂಧನದಂಥ ವಿಷಯಗಳಿಗೆ ವಿಶ್ವಸಂಸ್ಥೆಯ ತಜ್ಞರ ಗುಂಪುಗಳಿಗೆ ಯಾರು ಬೇಕಾದರೂ ಬರೆಯಬಹುದು. ಆದರೆ ಅವು ಕೋರ್ಟಲ್ಲ, ಅಭಿಪ್ರಾಯ ಹೇಳುತ್ತವೆ ಅಷ್ಟೇ.

ಮಾಡಬಹುದಾದದ್ದೆಲ್ಲ ಇಲ್ಲೇ ಇದೆ. ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ (ಸರ್ಕಾರಕ್ಕೆ ಆದೇಶ ಕೊಡಿ ಅಂತ ಕೇಳುವ ಅರ್ಜಿ) ಹಾಕಬಹುದು. ಮುಂಬೈ, ಪುಣೆಯವರಿಗೆ ಮುಂಬೈಯಲ್ಲೇ, ಗೋವಾದವರಿಗೆ ಅಲ್ಲಿನ ಪೀಠದಲ್ಲಿ. ನಮ್ಮ ಜನ ಜಾಸ್ತಿ ಇರುವ ಸೊಲ್ಲಾಪುರ, ಸಾಂಗ್ಲಿ ಕಡೆಯವರಿಗೆ 2025ರ ಆಗಸ್ಟ್‌ನಿಂದ ಕೊಲ್ಲಾಪುರದಲ್ಲೂ ಪೀಠ ಕೂರುತ್ತಿದೆ. ಅರ್ಜಿ ಬರೆಸುವಾಗ, ಈ ವಿಷಯಕ್ಕೆ ಭಾರತ ಒಪ್ಪಿರುವ ಒಪ್ಪಂದ ಯಾವುದಾದರೂ ಇದೆಯಾ ಅಂತ ವಕೀಲರನ್ನು ಕೇಳಿ. ಇದ್ದರೆ ಅದನ್ನೂ ಸೇರಿಸಲಿ. ಮೇಲೆ ಹೇಳಿದ ಕೇಸುಗಳಲ್ಲಿ ಆಗಿದ್ದು ಅದೇ.

ವಕೀಲರ ಖರ್ಚು ಆಗದವರಿಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಇದೆ. 1993ರ ಕಾಯ್ದೆಯಿಂದ ಬಂದದ್ದು. ಮಾನವ ಹಕ್ಕುಗಳು ಅಂದರೆ ಸಂವಿಧಾನ ಕೊಟ್ಟ ಹಕ್ಕುಗಳು ಮತ್ತು ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿದ್ದು ನಮ್ಮ ಕೋರ್ಟುಗಳು ಜಾರಿ ಮಾಡಬಲ್ಲ ಹಕ್ಕುಗಳು ಅಂತ ಆ ಕಾಯ್ದೆಯಲ್ಲೇ ಬರೆದಿದೆ. ಆಯೋಗ ಶಿಕ್ಷೆ ಕೊಡಲಾರದು, ತನಿಖೆ ಮಾಡಿ ಶಿಫಾರಸು ಮಾಡುತ್ತದೆ, ಪರಿಹಾರ ಕೊಡಿ ಅನ್ನುತ್ತದೆ. ದೂರಿಗೆ ಶುಲ್ಕ ಇಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯಬಹುದು, ಅಂದರೆ ಮುಂಬೈಯಲ್ಲಿ ಕೂತು ಕನ್ನಡದಲ್ಲಿ ಬರೆದ ದೂರನ್ನೂ ಅವರು ತೆಗೆದುಕೊಳ್ಳಬೇಕು.